ಗೋಲು ಕಾಯ್ದ ಇಬ್ಬರು

ಆಟದ ದಾಖಲೆಗಳು ಅಂಕಿಗಳಾಗಿ ಉಳಿಯುತ್ತವೆ. ಅವುಗಳ ಹಿಂದೆ ಅಡಗಿದ್ದ ಭಯವನ್ನು ಯಾರೂ ಬರೆದಿಡುವುದಿಲ್ಲ. ಕೆನಡಾದ ಜನರ ಅಚ್ಚುಮೆಚ್ಚಿನ ಐಸ್ ಹಾಕಿಯ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

ಹಿಮಗಡ್ಡೆಯ ಮೇಲೆ ಜಾರುತ್ತ ಆಡುವ ಈ ಆಟದಲ್ಲಿ ಚೆಂಡಿಗೆ ಬದಲಾಗಿ ಇರುವುದು ಗಟ್ಟಿ ರಬ್ಬರಿನ ಬಿಲ್ಲೆ. ‘ಪಕ್’ ಎಂಬುದು ಅದರ ಹೆಸರು. ಸುಮಾರು 170 ಗ್ರಾಂ ತೂಕದ ಈ ಬಿಲ್ಲೆ ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರಿ ಬರಬಲ್ಲುದು. ಅದಕ್ಕೆ ಎದುರಾಗಿ ನಿಲ್ಲುವ ಗೋಲ್‌ಕೀಪರನಿಗೆ 1950ರ ದಶಕದಲ್ಲಿ ಕಾಲಿಗೂ ಎದೆಗೂ ರಕ್ಷೆಯಿತ್ತು, ಮುಖಕ್ಕೆ ಇರಲಿಲ್ಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಎಂಬಾತ ಗಾಯಗೊಂಡು ಕೆಲವು ಪಂದ್ಯಗಳಲ್ಲಿ ಚರ್ಮದ ಮುಖವಾಡ ತೊಟ್ಟಿದ್ದನಾದರೂ ಅದು ರೂಢಿಗೆ ಬರಲಿಲ್ಲ. ಮುಖ ಮುಚ್ಚಿಕೊಂಡವನು ಅಂಜುಕುಳಿಯೆಂಬ ಭಾವನೆ ಆಟಗಾರರಲ್ಲಿ ಬೇರೂರಿತ್ತು.

ಆ ಕಾಲದ ಧೀರರಲ್ಲಿ ಗ್ಲೆನ್ ಹಾಲ್ ಅಗ್ರಗಣ್ಯರು. 1955ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ತಂಡದ ಗೋಲು ಕಾಯಲು ನಿಂತ ಅವರು, ಮುಂದೆ ಶಿಕಾಗೋ ತಂಡವನ್ನು ಸೇರಿ, 1962ರ ನವೆಂಬರಿನಲ್ಲಿ ಬೆನ್ನುನೋವು ತಡೆಯುವವರೆಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಸತತವಾಗಿ 502 ಪಂದ್ಯಗಳನ್ನು ಪೂರ್ಣವಾಗಿ ಆಡಿದರು. ಅದೂ ಬರಿಯ ಮುಖದಲ್ಲಿ. ಇವರು ಭಯವನ್ನೇ ಅರಿಯದವರೆಂದು ಯಾರಿಗಾದರೂ ತೋರೀತು. ಆದರೆ ಪಂದ್ಯಕ್ಕೆ ಮುನ್ನ ಉದ್ವೇಗ ತಾಳಲಾರದೆ ವಾಂತಿ ಮಾಡಿಕೊಳ್ಳುವುದು ಅವರಿಗೆ ವಾಡಿಕೆಯೇ ಆಗಿತ್ತು!

ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಬೇರೆಯೇ ಬಗೆಯ ಮನುಷ್ಯರು. ಉಬ್ಬಸದ ರೋಗಿ, ತಮ್ಮ ಉಣ್ಣೆಯ ಟೊಪ್ಪಿಗೆಯನ್ನು ತಾವೇ ಹೆಣೆದುಕೊಳ್ಳುತ್ತಿದ್ದವರು. ಗಾಜಿನ ನಾರಿನಿಂದ ಮಾಡಿದ ಮುಖವಾಡವೊಂದು ಅವರ ಬಳಿಯಿತ್ತು. ಆದರೆ ತರಬೇತುದಾರ ಟೋ ಬ್ಲೇಕ್ ಅದನ್ನು ಅಭ್ಯಾಸದ ವೇಳೆಗಷ್ಟೇ ಒಪ್ಪಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆ್ಯಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆ ಪ್ಲಾಂಟ್ ಅವರ ಮುಖವನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡು ಎದ್ದ ಅವರು, ಮುಖವಾಡವಿಲ್ಲದೆ ಮತ್ತೆ ಆಡುವುದಿಲ್ಲವೆಂದರು. ಅವರ ಸ್ಥಾನದಲ್ಲಿ ನಿಲ್ಲಿಸಲು ತಂಡದಲ್ಲಿ ಇನ್ನೊಬ್ಬ ತಕ್ಕ ಗೋಲ್‌ಕೀಪರನಿರಲಿಲ್ಲ. ಬ್ಲೇಕ್ ಮಣಿಯಲೇಬೇಕಾಯಿತು. ಮಾಂಟ್ರಿಯಲ್ 3–1ರಿಂದ ಗೆದ್ದಿತು. 1960ರಲ್ಲಿ ಸತತ ಐದನೆಯ ಬಾರಿ ಸ್ಟ್ಯಾನ್ಲಿ ಕಪ್ಪನ್ನೂ ಪಡೆಯಿತು.

1961ರ ಸೆಮಿಫೈನಲಿನಲ್ಲಿ ಇವರಿಬ್ಬರೂ ಎದುರುಬದುರಾದರು. ಐದನೆಯ ಮತ್ತು ಆರನೆಯ ಪಂದ್ಯಗಳಲ್ಲಿ ಹಾಲ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮಾಂಟ್ರಿಯಲಿನ ಆಳ್ವಿಕೆ ಮುಗಿಯಿತು; ಆ ವರ್ಷದ ಕಪ್ಪು ಶಿಕಾಗೋ ಪಾಲಾಯಿತು. ಬರಿಯ ಮುಖವೇ ಅಂದು ಗೆದ್ದಿತು. ಆದರೂ ಕಾಲ ನಡೆದದ್ದು ಪ್ಲಾಂಟ್ ತೋರಿದ ಹಾದಿಯಲ್ಲಿಯೇ. ವೃತ್ತಿಯ ಕೊನೆಯ ವರ್ಷಗಳಲ್ಲಿ ಸ್ವತಃ ಹಾಲ್ ಮುಖವಾಡ ತೊಟ್ಟರು. 1974ರ ಅನಂತರ ಆ ಲೀಗಿನಲ್ಲಿ ಬರಿಯ ಮುಖದ ಗೋಲ್‌ಕೀಪರ್ ಕಾಣಿಸಿಕೊಂಡಿಲ್ಲ.

ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರರನ್ನು ಸಿದ್ಧವಾಗಿರಿಸಿ ಸರದಿಯಂತೆ ಆಡಿಸುವ ಈ ಕಾಲದಲ್ಲಿ ಹಾಲ್ ಅವರ 502ನ್ನು ಮುಟ್ಟುವವರು ಹುಟ್ಟಲಾರರು. ಪ್ಲಾಂಟ್ ಅವರ ಸಾಧನೆಗೆ ಅಂಥ ಅಂಕಿಯಿಲ್ಲ. ಅವರಿಂದಾಗಿ ಒಡೆಯದೆ ಉಳಿದ ಮುಖಗಳೆಷ್ಟೆಂದು ಯಾರೂ ಎಣಿಸಿಡಲಿಲ್ಲ.