ಸ್ಕೀಮಾದಿಂದ ಎಪಿಐ ಡಾಕ್ಯುಮೆಂಟೇಶನ್

ಎಪಿಐ ಎಂಬ ಸಂಪರ್ಕದ ಮೂಲಕ ಒಂದು ತಂತ್ರಾಂಶ ಇನ್ನೊಂದನ್ನು ಏನು ಕೇಳಬಹುದು, ಹೇಗೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬ ಕರಾರೇ ಸ್ಕೀಮಾ. ಆ ಕರಾರನ್ನು ಬರೆದಿಟ್ಟ, ಕಂಪ್ಯೂಟರ್ ಓದಬಲ್ಲ ಕಡತದಿಂದ ಪ್ರೋಗ್ರಾಮರ್‌ಗಳಿಗೆ ಬೇಕಾದ ವಿವರಣೆಯ ಪುಟಗಳನ್ನು ತಾನಾಗಿ ಸಿದ್ಧಪಡಿಸುವುದೇ ಸ್ಕೀಮಾದಿಂದ ಡಾಕ್ಯುಮೆಂಟೇಶನ್ ಮಾಡುವ ವಿಧಾನ. ಕೋಡ್ ಮುಂದೆ ಓಡಿ, ಕೈಯಿಂದ ಬರೆದ ಕೈಪಿಡಿ ಹಿಂದೆ ಬೀಳುವ ತಲೆನೋವೇ ಇದರ ಹುಟ್ಟಿಗೆ ಕಾರಣ.

1990ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜಾವಾಡಾಕ್ ಕೋಡಿನೊಳಗಿನ ಟಿಪ್ಪಣಿಗಳನ್ನು ಹೆಕ್ಕಿ ಪುಟಗಳನ್ನು ಕಟ್ಟುತ್ತಿತ್ತು. ಆದರೆ ಅದು ಜಾವಾ ಭಾಷೆಗೆ ಸೀಮಿತ. 2001ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಪ್ರಕಟಿಸಿದ ಡಬ್ಲ್ಯುಎಸ್‌ಡಿಎಲ್ 1.1 ಯಾವ ಭಾಷೆಯ ಹಂಗೂ ಇಲ್ಲದೆ ವೆಬ್ ಸೇವೆಗಳನ್ನು ವರ್ಣಿಸಿತು. ಎಕ್ಸ್‌ಎಂಎಲ್ ರೂಪದಲ್ಲಿ ಬರೆದ ಅದರ ಉದ್ದುದ್ದ ಕಡತಗಳು ಯಂತ್ರಕ್ಕೆ ಹಿತ, ಮನುಷ್ಯರಿಗೆ ಶಿಕ್ಷೆ.

ದೊಡ್ಡ ತಿರುವು ಬಂದದ್ದು ಒಂದು ನಿಘಂಟಿನ ಕಂಪನಿಯಿಂದ. ಆನ್‌ಲೈನ್ ಇಂಗ್ಲಿಷ್ ನಿಘಂಟು ವರ್ಡ್‌ನಿಕ್‌ನಲ್ಲಿದ್ದ ಟೋನಿ ಟ್ಯಾಮ್, ತಮ್ಮದೇ ಎಪಿಐಗಾಗಿ ರೂಪಿಸಿದ ಸ್ವ್ಯಾಗರ್ ಎಂಬ ಸಲಕರಣೆ 2011ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದರ ಜನಪ್ರಿಯ ಮಾದರಿ 'ಪೆಟ್‌ಸ್ಟೋರ್' ಎಂಬ ಕಾಲ್ಪನಿಕ ಸಾಕುಪ್ರಾಣಿ ಅಂಗಡಿ. ಪ್ರಾಣಿಯ ಐಡಿ ಪೂರ್ಣಾಂಕವಾಗಿರಬೇಕು, ಅದನ್ನು ಬಿಡುವಂತಿಲ್ಲ, ಪ್ರಾಣಿ ಸಿಗದಿದ್ದರೆ '404' ಎಂಬ ದೋಷದ ಉತ್ತರ ಬರುತ್ತದೆ ಎಂದು ಸ್ಕೀಮಾ ಹೇಳುತ್ತದೆ. ಪುಟ ಕಟ್ಟುವ ಸಲಕರಣೆ ಸ್ವ್ಯಾಗರ್ ಯುಐ ಅಷ್ಟನ್ನೇ ಹಿಡಿದು ಐಡಿ ತುಂಬುವ ಪೆಟ್ಟಿಗೆ, ಉತ್ತರದ ನಮೂನೆ, 'ಟ್ರೈ ಇಟ್ ಔಟ್' ಗುಂಡಿ ಎಲ್ಲವನ್ನೂ ಪುಟದಲ್ಲಿ ಮೂಡಿಸುತ್ತದೆ. ಪುಟದಿಂದಲೇ ವಿನಂತಿ ಕಳಿಸಿದರೆ ನಿಜವಾದ ಸರ್ವರ್ ಉತ್ತರ ಕೊಡುತ್ತದೆ. ಓದುವ ಪುಟವೇ ಪ್ರಯೋಗಶಾಲೆಯೂ ಆದದ್ದು ಇದರ ಯಶಸ್ಸಿನ ಗುಟ್ಟು.

2015ರಲ್ಲಿ ಸ್ವ್ಯಾಗರ್ ಸ್ಮಾರ್ಟ್‌ಬೇರ್ ಕಂಪನಿಯ ಕೈಸೇರಿತು. ಅದೇ ವರ್ಷ ಅದರ ನಿರ್ದಿಷ್ಟತೆಯನ್ನು ಲಿನಕ್ಸ್ ಫೌಂಡೇಶನ್ ಆಶ್ರಯದ ಓಪನ್‌ಎಪಿಐ ಇನಿಶಿಯೇಟಿವ್‌ಗೆ ಒಪ್ಪಿಸಲಾಯಿತು. ಓಪನ್‌ಎಪಿಐ ಎಂಬ ಹೊಸ ಹೆಸರಿನಲ್ಲಿ ಅದರ 3.0 ಆವೃತ್ತಿ 2017ರಲ್ಲಿ ಬಂತು, 2021ರ 3.1 ಆವೃತ್ತಿ ದತ್ತಾಂಶದ ರೂಪವನ್ನು ವರ್ಣಿಸುವ ಜೇಸನ್ ಸ್ಕೀಮಾದೊಂದಿಗೆ ಹೊಂದಿಕೊಂಡಿತು.

ಫೇಸ್‌ಬುಕ್ 2015ರಲ್ಲಿ ಮುಕ್ತಗೊಳಿಸಿದ ಎಪಿಐ ಪ್ರಶ್ನಾಭಾಷೆ ಗ್ರಾಫ್‌ಕ್ಯೂಎಲ್ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಸ್ಕೀಮಾವನ್ನು ಸರ್ವರ್‌ನಿಂದಲೇ ಕೇಳಿ ಪಡೆಯಬಹುದು. 2018ರ ಪೈಥಾನ್ ಚೌಕಟ್ಟು ಫಾಸ್ಟ್‌ಎಪಿಐ, ಕೋಡಿನಲ್ಲಿ ನಮೂದಿಸಿದ ದತ್ತಾಂಶದ ಪ್ರಕಾರಗಳಿಂದಲೇ ಓಪನ್‌ಎಪಿಐ ಸ್ಕೀಮಾವನ್ನೂ ಪುಟಗಳನ್ನೂ ತಯಾರಿಸುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಪೋಸ್ಟ್‌ಮನ್ ಎಂಬ ಎಪಿಐ ಸಲಕರಣೆ ಕೂಡ ಎಪಿಐ ವಿವರಣೆಯ ಪುಟಗಳನ್ನು ತಾನಾಗಿ ಸಿದ್ಧಪಡಿಸುತ್ತದೆ.

ಆದರೂ ಮಿತಿ ಮಿತಿಯೇ. ಪೆಟ್‌ಸ್ಟೋರ್‌ನ ಪ್ರಾಣಿ 'ಲಭ್ಯ', 'ಬಾಕಿ', 'ಮಾರಾಟವಾಗಿದೆ' ಎಂಬ ಮೂರು ಸ್ಥಿತಿಗಳಲ್ಲಿ ಇರಬಹುದೆಂದು ಸ್ಕೀಮಾ ಹೇಳಬಲ್ಲದು. ಮಾರಿದ ನಾಯಿಯನ್ನು ಅಂಗಡಿಯವನು ವಾಪಸ್ ಪಡೆಯುತ್ತಾನೆಯೇ ಎಂಬುದನ್ನು ಹೇಳಲಾರದು. ಅದಕ್ಕೆ ವಿವರಣೆಯ ಅಂಕಣವನ್ನು ಯಾರಾದರೂ ಕೂತು ತುಂಬಬೇಕು, ಬಹಳ ಕಡೆ ಖಾಲಿ ಉಳಿಯುವುದೂ ಅದೇ ಅಂಕಣ.