ತಗಡಿನ ತೊಟ್ಟಿ ಮತ್ತು ಒಂದು ಪತ್ರ: ತೆಳುಪದರ ಸಂಶೋಧನೆಯ ಆರಂಭಕಾಲ

ತೆಳುಪದರಗಳ ಗುಣಧರ್ಮವನ್ನು ಕುರಿತ ಸಂಶೋಧನೆಯು ಇಂದು ಹಲವು ದೇಶಗಳ ಪ್ರಯೋಗಾಲಯಗಳು ಕೂಡಿ ನಡೆಸುವ ಕಾರ್ಯವಾಗಿದೆ. ಅದರ ಆರಂಭದ ಘಟ್ಟದಲ್ಲಿ ಒಪ್ಪಂದವಾಗಲಿ ಅನುದಾನವಾಗಲಿ ಇರಲಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಿಂದ ಇಂಗ್ಲೆಂಡಿಗೆ ಹೋದ ಒಂದು ಪತ್ರವಿತ್ತು. 1891ರ ಜನವರಿಯಲ್ಲಿ ಅದನ್ನು ಬರೆದವರು ಆಗ್ನೆಸ್ ಪೋಕೆಲ್ಸ್ (1862–1935). ಪಡೆದವರು ನೀರಿನ ಮೇಲಿನ ಎಣ್ಣೆಪದರವನ್ನು ಅಭ್ಯಸಿಸುತ್ತಿದ್ದ ಭೌತವಿಜ್ಞಾನಿ ಲಾರ್ಡ್ ರೇಲೀ.

ಪೋಕೆಲ್ಸ್ ಅವರದು ಹೆಣ್ಣುಮಕ್ಕಳ ಶಾಲೆಯವರೆಗಿನ ಶಿಕ್ಷಣ. ಅಂದು ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಮುಂದೆ ದೊರೆತಾಗ ತಂದೆತಾಯಿ ಬೇಡವೆಂದರು. ಮನೆವಾರ್ತೆ, ಹಿರಿಯರ ಆರೈಕೆ ಇವರ ಪಾಲಿಗೆ ಬಂದವು. ಭೌತವಿಜ್ಞಾನ ಓದುತ್ತಿದ್ದ ತಮ್ಮ ಫ್ರೀಡ್ರಿಖ್ ಒದಗಿಸಿದ ಗ್ರಂಥಗಳಿಂದಲೇ ಇವರ ಮುಂದಿನ ಅಭ್ಯಾಸ ನಡೆಯಿತು.

ಪಾತ್ರೆ ತೊಳೆದ ಜಿಡ್ಡುನೀರನ್ನು ನೋಡುತ್ತ ಇವರಲ್ಲಿ ಕುತೂಹಲ ಹುಟ್ಟಿತೆಂಬ ಕಥನವು ಕುಟುಂಬದ ನೆನಪಿನಿಂದ ಹೊರಟು ಎಲ್ಲೆಡೆ ಹಬ್ಬಿದೆ. ಅದನ್ನು ಸುಳ್ಳೆನ್ನಲು ಆಧಾರವಿಲ್ಲ. ಆದರೆ ಐತಿಹ್ಯಗಳ ಅಧ್ಯಯನವೇ ವೃತ್ತಿಯಾಗಿರುವ ನನಗೆ, ಹೇಳಿ ಹೇಳಿ ಅಡುಗೆಮನೆಯಷ್ಟೇ ಉಳಿದು ಅಲ್ಲಿ ನಡೆದ ಅಳತೆಯ ಕೆಲಸ ಮರೆಯಾಗಿದೆ ಎನಿಸುತ್ತದೆ. ಪತ್ರದ ತುಂಬ ಇರುವುದು ಅಳತೆಯೇ. 70 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ತಗಡಿನ ತೊಟ್ಟಿ, ಅಂಚಿನವರೆಗೆ ನೀರು, ನೀರನ್ನು ಮುಟ್ಟುವಂತೆ ಅಡ್ಡಲಾಗಿ ಇಟ್ಟ ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಮೇಲ್ಮೈ ಕಿರಿದಾಗಿ ಅಲ್ಲಿಯ ಜಿಡ್ಡು ಒತ್ತೊತ್ತಾಗುತ್ತದೆ. ಪುಟ್ಟ ಬಿಲ್ಲೆಯೊಂದನ್ನು ನೀರಿನ ಮೇಲ್ಮೈಯಿಂದ ಬಿಡಿಸಲು ಬೇಕಾದ ಬಲವನ್ನು ತಕ್ಕಡಿಯಲ್ಲಿ ತೂಗಿ ಮೇಲ್ಮೈ ಎಳೆತವನ್ನು ಅವರು ಅಳೆದರು. ಜಿಡ್ಡು ವಿರಳವಾಗಿ ಹರಡಿರುವಾಗ ಎಳೆತವು ಶುದ್ಧ ನೀರಿನಷ್ಟೇ ಇರುತ್ತದೆ. ಒಂದು ಮಿತಿಗಿಂತ ಹೆಚ್ಚು ಒತ್ತಿದಾಗ ಥಟ್ಟನೆ ಇಳಿಯುತ್ತದೆ.

ರೇಲೀ ತಮ್ಮ ಪತ್ನಿಯಿಂದ ಪತ್ರವನ್ನು ಇಂಗ್ಲಿಷಿಗೆ ಅನುವಾದಿಸಿ 'ನೇಚರ್' ಪತ್ರಿಕೆಗೆ ಶಿಫಾರಸಿನೊಡನೆ ಕಳುಹಿಸಿದರು. 1891ರ ಮಾರ್ಚ್ 12ರಂದು ಅದು ಪೋಕೆಲ್ಸ್ ಅವರ ಹೆಸರಿನಲ್ಲಿಯೇ ಪ್ರಕಟವಾಯಿತು. ವಕ್ತೃಗಳ ಹೆಸರನ್ನು ಅಡಿಟಿಪ್ಪಣಿಯಲ್ಲಿಯೂ ಕೊಡದೆ ಸಂಗ್ರಹಗಳನ್ನು ಅಚ್ಚು ಹಾಕಿಸಿದ ನಮ್ಮ ಕ್ಷೇತ್ರದವರು ಗಮನಿಸಬೇಕಾದ ಸಂಗತಿಯಿದು.

ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1917ರಲ್ಲಿ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿ, ಇಂತಹ ಪದರಗಳು ಒಂದೇ ಅಣುವಿನಷ್ಟು ದಪ್ಪವಿರುತ್ತವೆಂದು ಪ್ರತಿಪಾದಿಸಿದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ 1930ರ ದಶಕದಲ್ಲಿ ಅವನ್ನು ಗಾಜಿನ ಮೇಲೆ ಒಂದರ ಮೇಲೊಂದು ಏರಿಸಿ, ಬೆಳಕನ್ನು ಪ್ರತಿಫಲಿಸದ ಗಾಜನ್ನು ಸಿದ್ಧಪಡಿಸಿದರು. ತೆಳುಪದರವು ಬೇಕಾದ ದಪ್ಪಕ್ಕೆ ಕಟ್ಟಬಹುದಾದ ವಸ್ತುವಾಯಿತು. 1932ರಲ್ಲಿ ಲ್ಯಾಂಗ್‌ಮ್ಯೂರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅದೇ ವರ್ಷ ಎಪ್ಪತ್ತು ತುಂಬಿದ ಪೋಕೆಲ್ಸ್ ಅವರಿಗೆ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಪ್ರಯೋಗಾಲಯಗಳಲ್ಲಿ ಆ ತೊಟ್ಟಿಯನ್ನು ಸಾಮಾನ್ಯವಾಗಿ ಕರೆಯುವುದು ಲ್ಯಾಂಗ್‌ಮ್ಯೂರ್ ಹೆಸರಿನಿಂದ.