ಅಕ್ವೇರಿಯಂಗೆ ಕಲ್ಲು: ಅಂದಕ್ಕಿಂತ ಗುಣ ಮುಖ್ಯ

ಮನೆಯ ಅಕ್ವೇರಿಯಂ ಅಲಂಕರಿಸಲು ಅಂಗಡಿಯ ಕಲ್ಲೇ ಬೇಕೆಂದಿಲ್ಲ. ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಿಗೆ ಹೋದವರು ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ ಆಯ್ದು ತಂದ ಕಲ್ಲನ್ನೂ ಬಳಸಬಹುದು. ಆದರೆ ಕಲ್ಲಿನ ಗುಣ ಅರಿಯದೆ ನೀರಿಗಿಳಿಸಿದರೆ ಮೀನುಗಳ ಪ್ರಾಣಕ್ಕೇ ಕುತ್ತು ಬರಬಹುದು.

ಫರಸಿಯೋ, ಕಪ್ಪು ಕಲ್ಲೋ?

ಕಲಬುರಗಿ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಲ್ಲು ಕಾಣಸಿಗುತ್ತವೆ. ಒಂದು, ನೆಲಕ್ಕೆ ಹಾಸುವ ಶಹಾಬಾದ್ ಫರಸಿ. ಇದು ಭೀಮಾ ಕಣಿವೆಯ ಸುಣ್ಣದ ಕಲ್ಲು; ವಾಡಿ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೂ ಸುಣ್ಣದ ಕಲ್ಲೇ ಆಧಾರ. ಇನ್ನೊಂದು, ಆಳಂದ, ಅಫಜಲಪುರ ಭಾಗದಲ್ಲಿ ಹೇರಳವಾಗಿರುವ ಕಪ್ಪು ಕಲ್ಲು, ಅಂದರೆ ಬಸಾಲ್ಟ್.

ಮೀನುಗಳು ಉಸಿರಾಡಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಬೆರೆತು ದುರ್ಬಲ ಆಮ್ಲವಾಗುತ್ತದೆ. ಈ ಆಮ್ಲಕ್ಕೆ ಸುಣ್ಣದ ಕಲ್ಲು ನಿಧಾನವಾಗಿ ಕರಗಿ, ನೀರಿನ ಗಡಸುತನವೂ ಪಿಎಚ್ ಮೌಲ್ಯವೂ ಏರುತ್ತವೆ. ಅಪಾಯವಿರುವುದು ಇಲ್ಲಿಯೇ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಪಿಎಚ್ 7ರಿಂದ 8ಕ್ಕೇರಿದರೆ, ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾದ ವಿಷಕಾರಿ ಅಂಶ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಮೆದು ನೀರು ಬಯಸುವ ನಿಯಾನ್ ಟೆಟ್ರಾ, ಡಿಸ್ಕಸ್‌ಗಳಿಗೆ ಫರಸಿ ಸಲ್ಲದು. ಗಪ್ಪಿ, ಮೋಲಿಗಳು ಗಡಸು ನೀರನ್ನು ತಾಳಿಕೊಳ್ಳುತ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗಂತೂ ಅಂಥ ನೀರೇ ಹಿತ. ಬಸಾಲ್ಟ್ ಸಾಮಾನ್ಯವಾಗಿ ನೀರಿನ ಗುಣವನ್ನು ಬದಲಿಸುವುದಿಲ್ಲ.

ಮನೆಯಲ್ಲೇ ಪರೀಕ್ಷೆ

ತೊಳೆದು ಒಣಗಿಸಿದ ಕಲ್ಲನ್ನು ಸ್ವಲ್ಪ ಕೆರೆದು, ಆ ಜಾಗಕ್ಕೆ ವಿನೆಗರ್ ಹನಿಸಬೇಕು. ಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ. ಬಸಾಲ್ಟ್‌ನಲ್ಲಿ ಬಿಳಿ ಗೆರೆ, ಚುಕ್ಕೆಗಳಿದ್ದರೆ ಅಲ್ಲಿಯೂ ಪರೀಕ್ಷಿಸಬೇಕು. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಕೆಲವು ಕಲ್ಲುಗಳಲ್ಲಿ ಗುಳ್ಳೆ ಕಣ್ಣಿಗೆ ಬೀಳದು. ಹೀಗಾಗಿ ಕಲ್ಲನ್ನು ಬಕೆಟ್ ನೀರಿನಲ್ಲಿ ಒಂದು ವಾರ ನೆನೆಸಿಟ್ಟು, ಮೊದಲು ಮತ್ತು ನಂತರ ಪಿಎಚ್ ಅಳೆಯುವುದು ಒಳಿತು. ಲೋಹದ ಹೊಳಪು ಅಥವಾ ತುಕ್ಕಿನ ಬಣ್ಣವಿರುವ ಕಲ್ಲು, ಕೀಟನಾಶಕ ಸಿಂಪಡಿಸಿದ ಹೊಲದ ಕಲ್ಲು ಬೇಡ.

ಶುಚಿ ಮಾಡಲು ಗಟ್ಟಿ ಬ್ರಷ್ ಮತ್ತು ನೀರು ಸಾಕು. ಸೋಪು, ಡಿಟರ್ಜೆಂಟ್ ಕೂಡದು. ಕಲ್ಲನ್ನು ಒಲೆಯ ಮೇಲೆ ಕುದಿಸುವುದೂ ಅಪಾಯಕಾರಿ. ಒಳಗೆ ಸಿಲುಕಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು.

ಜೋಡಣೆಯಲ್ಲಿ ಎಚ್ಚರ

ಭಾರದ ಕಲ್ಲನ್ನು ಮರಳಿನ ಮೇಲಿಟ್ಟರೆ, ಮೀನುಗಳು ಮರಳು ಕೆದಕಿದಾಗ ಅದು ಉರುಳಿ ಗಾಜು ಒಡೆಯಬಹುದು. ಆದ್ದರಿಂದ ತಳದ ಗಾಜಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಲ್ಲು ಕೂರಿಸಿ, ನಂತರ ಮರಳು ತುಂಬಬೇಕು. ಭಾರದ ಲೆಕ್ಕವೂ ಇರಲಿ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ ನೀರೊಂದೇ 50 ಕಿಲೋ ಮೀರುತ್ತದೆ.

ಕವಡೆ, ಶಂಖ, ಹವಳಗಳೂ ಸುಣ್ಣವೇ. ಬಣ್ಣ ಬಿಡುವ ಗೊಂಬೆ, ತುಕ್ಕು ಹಿಡಿಯುವ ಲೋಹ, ಚೂಪು ಅಂಚಿನ ವಸ್ತುಗಳನ್ನು ದೂರವಿಡಬೇಕು. ಹಳೆಯ ತೊಟ್ಟಿಯ ಅಲಂಕಾರವನ್ನು ಒಮ್ಮೆಲೇ ಬದಲಿಸಬಾರದು. ಅಮೋನಿಯಾವನ್ನು ಪರಿವರ್ತಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಆ ಕಲ್ಲುಗಳ ಮೈಮೇಲೂ ನೆಲೆಸಿರುತ್ತವೆ. ವಾರಕ್ಕೊಂದೆರಡು ಕಲ್ಲು ಬದಲಿಸುತ್ತ, ಪಿಎಚ್ ಗಮನಿಸುತ್ತ ಹೋಗುವುದು ಕ್ಷೇಮ.